ಭಾರ ಹೊರದ ಎಲುಬು

ಒಂಬತ್ತನೆಯ ತರಗತಿಯಲ್ಲಿ ನನ್ನಿಂದ ವಿಜ್ಞಾನದ ಪಾಠ ಕೇಳಿದವರಿಗೆ ಕೋಳಿಯ ಎಲುಬಿನ ಪ್ರಯೋಗ ನೆನಪಿರಬಹುದು. ಒಂದು ಎಲುಬನ್ನು ವಿನೆಗರ್ ತುಂಬಿದ ಗಾಜಿನ ಜಾಡಿಯಲ್ಲಿ ಮುಳುಗಿಸಿ ಒಂದು ವಾರ ಬಿಡುತ್ತಿದ್ದೆವು. ಹೊರಗೆ ತೆಗೆದಾಗ ಅದು ರಬ್ಬರಿನಂತೆ ಬಾಗುತ್ತಿತ್ತು. ಸುಣ್ಣದ ಅಂಶ ಕರಗಿಹೋಗಿ ಕೊಲಾಜನ್ ಎಂಬ ನಾರು ಮಾತ್ರ ಉಳಿದಿರುತ್ತಿತ್ತು. ಇನ್ನೊಂದು ಎಲುಬನ್ನು ಕೆಂಡದಲ್ಲಿ ಸುಡುತ್ತಿದ್ದೆವು. ನಾರು ಉರಿದುಹೋಗಿ ಆಕಾರ ಹಾಗೆಯೇ ಉಳಿದಿದ್ದರೂ ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತಿತ್ತು. ಸುಟ್ಟ ವಾಸನೆಗೆ ಮೊದಲ ಬೆಂಚಿನವರು ಮೂಗು ಮುಚ್ಚಿಕೊಂಡರೆ, ಕೊನೆಯ ಬೆಂಚಿನವರು ಆ ಎಲುಬಿನ ಉಳಿದ ಕೋಳಿ ಯಾರ ಹೊಟ್ಟೆ ಸೇರಿತೆಂದು ವಿಚಾರಿಸುತ್ತಿದ್ದರು. ಸುಣ್ಣ ಗಡಸುತನ ಕೊಡುತ್ತದೆ, ನಾರು ಬಾಗುವ ಗುಣ ಕೊಡುತ್ತದೆ, ಎರಡೂ ಕೂಡಿದರೆ ಎಲುಬು ಎಂದು ಹೇಳಿ ಆ ದಿನದ ಪಾಠವನ್ನು ಮುಗಿಸುತ್ತಿದ್ದೆ.

ಪಠ್ಯಪುಸ್ತಕವೂ ಅಲ್ಲಿಗೇ ನಿಲ್ಲುತ್ತಿತ್ತು. ಎಲುಬಿಗೆ ಬೇಕಾದ ಮೂರನೆಯ ವಸ್ತುವೊಂದಿದೆ. ಅದನ್ನು ಜಾಡಿಯಲ್ಲಿ ತುಂಬಿ ತೋರಿಸಲಾಗದು. ಅದು ಭಾರ. ಭಾರ ಹೊರದ ಎಲುಬು ಉಂಡ ಊಟವನ್ನೂ ಉಳಿಸಿಕೊಳ್ಳಲಾರದು. ನಿವೃತ್ತನಾದ ಮೇಲೆ ಒಬ್ಬ ಹುಡುಗಿಯ ದೆಸೆಯಿಂದ ಈ ವಿಷಯವನ್ನು ನಾನು ಸಾಕಷ್ಟು ಓದಿದೆ, ವೈದ್ಯರ ಬಾಯಿಂದ ಕೇಳಿದೆ, ಕಣ್ಣಾರೆ ಕಂಡೆ. ನಿಮ್ಮಲ್ಲಿ ಕೆಲವರಿಗಾದರೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಆ ಹುಡುಗಿಯ ತಾಯಿ ನನ್ನ ಹಳೆಯ ವಿದ್ಯಾರ್ಥಿನಿ. ತಾಯಿ ಮಗಳಿಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಹುಡುಗಿಯನ್ನು ಮನೆಯವರು ಕರೆಯುವಂತೆ ಪುಟ್ಟಿ ಎಂದೇ ಕರೆಯುತ್ತೇನೆ.

ಪುಟ್ಟಿ 2011ರಲ್ಲಿ ಹುಟ್ಟಿದಳು. ಹುಟ್ಟುವಾಗಲೇ ಅವಳ ಸೊಂಟದ ಮೇಲ್ಭಾಗದಲ್ಲಿ, ಬೆನ್ನಿನ ನಡುವೆ, ನಿಂಬೆಹಣ್ಣಿನ ಗಾತ್ರದ ತೆಳುವಾದ ಚೀಲವೊಂದಿತ್ತು. ಇದಕ್ಕೆ ಸ್ಪೈನಾ ಬೈಫಿಡಾ ಎಂದು ಹೆಸರು. ಲ್ಯಾಟಿನ್ ಭಾಷೆಯ ಈ ಮಾತಿಗೆ ಸೀಳಿದ ಬೆನ್ನೆಲುಬು ಎಂದರ್ಥ. ಗರ್ಭ ಕಟ್ಟಿದ ಮೊದಲ 28 ದಿನಗಳ ಒಳಗೆ, ಮುಂದೆ ಮಿದುಳು ಮತ್ತು ಬೆನ್ನುಹುರಿ ಆಗಬೇಕಾದ ಪದರವೊಂದು ಸುರುಳಿಯಾಗಿ ಮಡಿಚಿಕೊಂಡು ಕೊಳವೆಯಾಗುತ್ತದೆ. ಆ ಕೊಳವೆ ಎಲ್ಲಾದರೂ ಮುಚ್ಚಿಕೊಳ್ಳದೆ ಉಳಿದರೆ ಅಲ್ಲಿನ ಬೆನ್ನೆಲುಬೂ ಮುಚ್ಚುವುದಿಲ್ಲ. ಬೆನ್ನುಹುರಿಯೇ ಚೀಲದೊಳಗೆ ಹೊರಚಾಚಿಕೊಂಡು ಬರುವ ತೀವ್ರ ಬಗೆಯನ್ನು ಮೈಲೋಮೆನಿಂಗೊಸೀಲ್ ಎನ್ನುತ್ತಾರೆ. ಪುಟ್ಟಿಯದು ಆ ಬಗೆಯದು. ಹುಟ್ಟಿದ ಎರಡನೆಯ ದಿನವೇ ಬೆಂಗಳೂರಿಗೆ ಕರೆದೊಯ್ದು ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿದರು. ತಲೆಯಲ್ಲಿ ನೀರು ತುಂಬತೊಡಗಿದ್ದರಿಂದ ಅದನ್ನು ಹೊಟ್ಟೆಗೆ ಹರಿಸುವ ಶಂಟ್ ಎಂಬ ಸಣ್ಣ ಕೊಳವೆಯನ್ನೂ ಹಾಕಿದರು. ಜೀವ ಉಳಿಯಿತು. ಆದರೆ ಸೀಳಿನಿಂದ ಕೆಳಗಿನ ನರಗಳು ಪೂರ್ತಿಯಾಗಿ ಕೆಲಸ ಮಾಡಲಿಲ್ಲ. ತೊಡೆಯ ಮುಂಭಾಗದಲ್ಲಿ ಸ್ವಲ್ಪ ಶಕ್ತಿಯಿತ್ತು, ಮೊಣಕಾಲಿನಿಂದ ಕೆಳಗೆ ಹೆಚ್ಚುಕಡಿಮೆ ಏನೂ ಇರಲಿಲ್ಲ. ಸ್ಪರ್ಶವೂ ನೋವೂ ಅಲ್ಲಿ ಅವಳಿಗೆ ತಿಳಿಯುತ್ತಿರಲಿಲ್ಲ. ಮೂತ್ರಕ್ಕೆ ದಿನಕ್ಕೆ ನಾಲ್ಕೈದು ಬಾರಿ ಕ್ಯಾಥೆಟರ್ ಹಾಕಬೇಕಾಗುತ್ತಿತ್ತು.

ಗ್ರಹಣದ ದಿನ ಗರ್ಭಿಣಿ ಹೊರಗೆ ಬಂದದ್ದರಿಂದ ಹೀಗಾಯಿತೆಂದು ಊರಿನ ನಾಲ್ಕು ಜನ ಆಡಿಕೊಂಡರಂತೆ. ತಾಯಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕ್ಯಾಥೆಟರ್ ಹಾಕುವುದನ್ನು ಕಲಿತಳು, ವ್ಯಾಯಾಮ ಮಾಡಿಸುವುದನ್ನು ಕಲಿತಳು. ಪುಟ್ಟಿ ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡು, ವಾಕರ್ ಹಿಡಿದು ಮನೆಯಿಂದ ಶಾಲೆಯ ಗೇಟಿನವರೆಗೆ ನಡೆಯುವುದನ್ನು ನಾನೇ ನೋಡಿದ್ದೇನೆ. ಹತ್ತು ವರ್ಷ ದಾಟಿದ ಮೇಲೆ ಮೈತೂಕ ಹೆಚ್ಚಿತು, ನಡಿಗೆ ಕಷ್ಟವಾಯಿತು, ಗಾಲಿಕುರ್ಚಿ ಬಂತು. ಇಂಥ ಬಹಳಷ್ಟು ಮಕ್ಕಳಲ್ಲಿ ಹದಿಹರೆಯದ ಹೊಸ್ತಿಲಿನಲ್ಲಿ ಹೀಗಾಗುತ್ತದೆ. ಎಲುಬಿನ ತೊಂದರೆ ತಲೆಯೆತ್ತುವುದೂ ಹೆಚ್ಚಾಗಿ ಆ ವಯಸ್ಸಿನ ಆಸುಪಾಸಿನಲ್ಲಿಯೇ.

2023ರ ಏಪ್ರಿಲ್ ರಜೆಯಲ್ಲಿ ಪುಟ್ಟಿಯ ಒಂದು ಪಾದದ ಸೊಟ್ಟು ತಿದ್ದಲು ಶಸ್ತ್ರಚಿಕಿತ್ಸೆಯಾಯಿತು. ಆರು ವಾರ ಪ್ಲಾಸ್ಟರ್ ಹಾಕಿದ್ದರು. ಜೂನ್ ಮೊದಲ ವಾರದಲ್ಲಿ ಅದನ್ನು ಬಿಚ್ಚಿದರು. ಅದಾಗಿ ಹತ್ತು ದಿನಕ್ಕೆ ಸರಿಯಾಗಿ, ಅದೇ ಕಾಲಿನ ಮೊಣಕಾಲಿನ ಮೇಲ್ಭಾಗ ಊದಿಕೊಂಡಿತು. ಮುಟ್ಟಿದರೆ ಬಿಸಿ, ಚರ್ಮ ಕೆಂಪು, ಸಂಜೆಗೆ ಸಣ್ಣ ಜ್ವರ. ಹುಡುಗಿ ಮಾತ್ರ ಆರಾಮವಾಗಿ ಕುಳಿತು ಚಿತ್ರ ಬಿಡಿಸುತ್ತಿದ್ದಳು. ಬಿದ್ದದ್ದಿಲ್ಲ, ಏಟು ತಗುಲಿದ್ದಿಲ್ಲ. ಸಮೀಪದ ಚಿಕಿತ್ಸಾಲಯದ ವೈದ್ಯರು ಕೀವು ಆಗುತ್ತಿದೆಯೆಂದು ತಿಳಿದು ಐದು ದಿನದ ಮಾತ್ರೆ ಬರೆದುಕೊಟ್ಟರು. ಊತ ಇಳಿಯಲಿಲ್ಲ. ಆರನೆಯ ದಿನ ಎಕ್ಸ್-ರೇ ತೆಗೆಸಿದಾಗ ತೊಡೆಯೆಲುಬು ಮೊಣಕಾಲಿನ ಗಂಟಿಗಿಂತ ಸ್ವಲ್ಪ ಮೇಲೆ ಮುರಿದಿರುವುದು ಕಾಣಿಸಿತು. ಬಹುಶಃ ಲಂಗ ಬದಲಿಸುವಾಗಲೋ ಮಂಚದಿಂದ ಕುರ್ಚಿಗೆ ಎತ್ತುವಾಗಲೋ ಕಾಲು ಸ್ವಲ್ಪ ತಿರುಚಿದ್ದಿರಬೇಕು. ಅಷ್ಟು ಸಾಕಾಗಿತ್ತು.

ಆ ವೈದ್ಯರನ್ನು ದೂರಲು ನನಗೆ ಮನಸ್ಸಿಲ್ಲ. ನೋವೆಂದು ಅಳದ ಮಗುವಿನ ಕಾಲು ಮುರಿದಿದೆಯೆಂದು ಯಾರಿಗೆ ತಾನೆ ಹೊಳೆದೀತು? ನಮ್ಮ ನಿಮ್ಮ ಎಲುಬು ಮುರಿದರೆ ಚೀರಾಟವೇ ಊರಿಗೆ ಸುದ್ದಿ ಮುಟ್ಟಿಸುತ್ತದೆ. ಈ ಮಕ್ಕಳಲ್ಲಿ ಆ ಸುದ್ದಿಗಾರನೇ ಇಲ್ಲ. ಆದ್ದರಿಂದ ಊತ, ಬಿಸಿ, ಕೆಂಪು, ಜ್ವರ ಇವುಗಳೇ ಮುರಿತದ ಗುರುತುಗಳು. ಸೋಂಕಿನ ಗುರುತುಗಳೂ ಇವೇ ಆಗಿರುವುದರಿಂದ ಗೊಂದಲ ಸಹಜ. ಮೈಲೋಮೆನಿಂಗೊಸೀಲ್ ಇರುವ ಮಕ್ಕಳಲ್ಲಿ ಶೇಕಡಾ 11ರಿಂದ 30ರಷ್ಟು ಮಂದಿಗೆ ಹೀಗೆ ಎಲುಬು ಮುರಿಯುತ್ತದೆಂದು ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ. ಹೆಚ್ಚಿನವು ಮೊಣಕಾಲಿನ ಆಸುಪಾಸಿನಲ್ಲಿಯೇ ಆಗುತ್ತವೆ, ಪ್ಲಾಸ್ಟರ್ ಬಿಚ್ಚಿದ ಮೊದಲ ಕೆಲವು ವಾರಗಳಲ್ಲಿ ಆಗುವುದು ಬಹಳ. ಪುಟ್ಟಿಯ ಪ್ರಕರಣ ಪುಸ್ತಕದಲ್ಲಿ ಬರೆದಂತೆಯೇ ಇತ್ತು.

ಆಕೆ ನನಗೆ ದೂರವಾಣಿ ಮಾಡಿದ್ದು ಇದಾದ ಮೇಲೆ. "ಸಾರ್, ಇನ್ನು ಶಾಲೆ ಬೇಡ ಅಂತ ಮನೇಲಿ ಎಲ್ಲರೂ ನಿರ್ಧಾರ ಮಾಡಿದ್ದಾರೆ. ಕ್ಯಾಲಿಪರ್ರೂ ಬೇಡವಂತೆ, ನಿಲ್ಲಿಸೋದೂ ಬೇಡವಂತೆ. ನೀವೊಂದು ಸಲ ಬಂದು ಮಾತಾಡ್ತೀರಾ?" ಎಂದಳು. ಮರುದಿನವೇ ಬಸ್ಸು ಹತ್ತಿದೆ.

ಪುಟ್ಟಿಯ ಅಜ್ಜಿ ನನಗಿಂತ ಹಿರಿಯರು. ಮೊಮ್ಮಗಳನ್ನು ಎದೆಗವಚಿ ಸಾಕಿದವರು. ಕಾಫಿ ಲೋಟ ಮುಂದಿಟ್ಟು ಅವರು ಹೇಳಿದರು: "ಗಾಜಿನ ಬಳೆ ಇದ್ದ ಹಾಗೆ ಮೇಷ್ಟ್ರೇ ನಮ್ಮ ಕೂಸು. ಎತ್ತಿ ಕಪಾಟಿನಲ್ಲಿಟ್ಟರೆ ಉಳಿದೀತು. ಹತ್ತಾರು ಮಕ್ಕಳ ನಡುವೆ ಬಿಟ್ಟು ಇನ್ನೊಂದು ಕಾಲು ಮುರಿಸಿಕೊಂಡು ಬಂದರೆ ಯಾರನ್ನು ಕೇಳೋಣ?" ತಂದೆಯದೂ ಅದೇ ಮಾತು. ಶಾಲೆಯ ಕಡೆಯಿಂದಲೂ ಏನಾದರೂ ಆದರೆ ಜವಾಬ್ದಾರಿ ತಮ್ಮದಲ್ಲವೆಂಬ ಸೂಚನೆ ಬಂದಿತ್ತು. ಪ್ರೀತಿಯೂ ಭಯವೂ ಸೇರಿ ಮಾಡಿದ ತೀರ್ಮಾನವಾದ್ದರಿಂದ ಅದನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ.

ಆದರೆ ಎಲುಬು ಗಾಜಲ್ಲ. ಗಾಜು ಕಪಾಟಿನಲ್ಲಿ ನೂರು ವರ್ಷ ಇದ್ದರೂ ಹಾಗೆಯೇ ಇರುತ್ತದೆ. ಎಲುಬು ಜೀವವಿರುವ ವಸ್ತು. ಅದರೊಳಗೆ ಹಳೆಯದನ್ನು ಕೆಡವುವ ಕೋಶಗಳಿವೆ, ಹೊಸದನ್ನು ಕಟ್ಟುವ ಕೋಶಗಳಿವೆ, ಎಲ್ಲಿ ಕೆಡವಬೇಕು ಎಲ್ಲಿ ಕಟ್ಟಬೇಕು ಎಂದು ಗಮನಿಸುವ ಮೂರನೆಯ ಬಗೆಯ ಕೋಶಗಳೂ ಎಲುಬಿನ ಗೋಡೆಯೊಳಗೇ ಹುದುಗಿಕೊಂಡಿವೆ. ನಾವು ಹೆಜ್ಜೆಯಿಟ್ಟಾಗ ಎಲುಬು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಬಾಗುವಿಕೆಯೇ ಈ ಕೋಶಗಳಿಗೆ ಸಂದೇಶ. ಸಂದೇಶ ಬರುತ್ತಿದ್ದರೆ ಕಟ್ಟುವ ಕೆಲಸ ನಡೆಯುತ್ತದೆ. ನಿಂತುಹೋದರೆ ಕೆಡವುವವರದೇ ರಾಜ್ಯ. ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ರೂಪಿಸಿಕೊಳ್ಳುತ್ತದೆಂದು ಬರ್ಲಿನ್ನಿನ ಶಸ್ತ್ರವೈದ್ಯ ಜೂಲಿಯಸ್ ವೂಲ್ಫ್ 1892ರಲ್ಲಿಯೇ ಪುಸ್ತಕ ಬರೆದು ತೋರಿಸಿದ್ದ. ಟೆನಿಸ್ ಆಟಗಾರರ ಆಡುವ ಕೈಯ ಎಲುಬು ಇನ್ನೊಂದು ಕೈಯದಕ್ಕಿಂತ ದಪ್ಪವಾಗಿರುತ್ತದೆ. ಅದಕ್ಕೆ ವಿರುದ್ಧವಾಗಿ, ತೂಕವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟದ ಎಲುಬು ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸವೆಯುತ್ತದೆ. ದಿನಕ್ಕೆ ಎರಡು ಗಂಟೆ ವ್ಯಾಯಾಮ ಮಾಡಿ ಆ ಸವೆತವನ್ನು ತಡೆಯಲು ಅವರು ಹೆಣಗುತ್ತಾರೆ.

ಸ್ಪೈನಾ ಬೈಫಿಡಾ ಇರುವ ಮಗುವಿನ ಕಾಲು ಹೆಚ್ಚುಕಡಿಮೆ ಅದೇ ಸ್ಥಿತಿಯಲ್ಲಿರುತ್ತದೆ. ಎಲುಬಿನ ಮೇಲೆ ಅತಿ ಹೆಚ್ಚು ಒತ್ತಡ ಹಾಕುವುದು ಮೈತೂಕವಲ್ಲ, ಅದಕ್ಕೆ ಅಂಟಿಕೊಂಡ ಸ್ನಾಯುವಿನ ಎಳೆತ. ಇಲ್ಲಿ ಸ್ನಾಯುವಿಗೆ ನರವಿಲ್ಲ, ಎಳೆತವಿಲ್ಲ. ಜೊತೆಗೆ ನಿಲ್ಲುವುದೂ ನಡೆಯುವುದೂ ಕಡಿಮೆ. ನಡೆಯುವ ಮಕ್ಕಳಿಗಿಂತ ಸದಾ ಗಾಲಿಕುರ್ಚಿಯಲ್ಲಿರುವ ಮಕ್ಕಳ ಎಲುಬಿನ ಸಾಂದ್ರತೆ ಕಡಿಮೆಯಿರುತ್ತದೆ. ಇಷ್ಟರ ಮೇಲೆ ಆರು ವಾರದ ಪ್ಲಾಸ್ಟರ್ ಬಂದರೆ ಇದ್ದ ಅಲ್ಪ ಶಕ್ತಿಯೂ ಸೋರಿಹೋಗುತ್ತದೆ. ಪುಟ್ಟಿಯ ಎಲುಬು ಮುರಿದದ್ದು ಶಾಲೆಯ ಮಕ್ಕಳ ನಡುವೆಯಲ್ಲ, ಮನೆಯ ಮಂಚದ ಮೇಲೆ. ಓಡಾಟದಿಂದಲ್ಲ, ಆರು ವಾರದ ವಿಶ್ರಾಂತಿಯ ತರುವಾಯ. ಆರು ವಾರ ಇಷ್ಟು ಮಾಡಿದ್ದರೆ, ಮನೆಯವರು ನಿಶ್ಚಯಿಸಿದ್ದ ಒಂದು ವರ್ಷದ ವಿಶ್ರಾಂತಿ ಏನು ಮಾಡೀತು?

ಇದನ್ನು ನಾನು ಹೇಳುವುದಕ್ಕಿಂತ ವೈದ್ಯರು ಹೇಳುವುದು ಸರಿಯೆಂದು, ಎಲ್ಲರೂ ಕೂಡಿ ಬೆಂಗಳೂರಿನ ಮಕ್ಕಳ ಮೂಳೆವೈದ್ಯರೊಬ್ಬರ ಬಳಿಗೆ ಹೋದೆವು. ಅಜ್ಜಿಯನ್ನೂ ಒತ್ತಾಯಿಸಿ ಕರೆದುಕೊಂಡು ಹೋದೆವು. ವೈದ್ಯರು ತಾಳ್ಮೆಯಿಂದ ವಿವರಿಸಿದರು. ಈ ಮಕ್ಕಳ ಎಲುಬು ಬೇಗ ಮುರಿಯುವಂತೆ ಬೇಗ ಕೂಡಿಕೊಳ್ಳುತ್ತದೆ. ಆದ್ದರಿಂದ ಗಟ್ಟಿ ಪ್ಲಾಸ್ಟರನ್ನು ತಿಂಗಳುಗಟ್ಟಲೆ ಹಾಕುವುದು ಬೇಡ. ಹತ್ತಿಯನ್ನು ದಪ್ಪವಾಗಿ ಸುತ್ತಿ ಮೃದುವಾದ ಪಟ್ಟಿ ಕಟ್ಟಿದರೆ ಮೂರು ವಾರ ಸಾಕು. ಹತ್ತಿ ಏಕೆಂದರೆ, ಸ್ಪರ್ಶವಿಲ್ಲದ ಚರ್ಮಕ್ಕೆ ಪಟ್ಟಿ ಒತ್ತಿ ಹುಣ್ಣಾದರೂ ಮಗುವಿಗೆ ತಿಳಿಯುವುದಿಲ್ಲ. ಆಮೇಲೆ ಫಿಸಿಯೋಥೆರಪಿಸ್ಟ್ ಜೊತೆಗಿದ್ದು ಮೆಲ್ಲಮೆಲ್ಲನೆ ನಿಲ್ಲಿಸಬೇಕು. ನಿಲ್ಲಿಸಿದ ಮಾತ್ರಕ್ಕೆ ಎಲುಬು ಕಬ್ಬಿಣವಾಗುತ್ತದೆಂದು ಅವರು ಭರವಸೆ ಕೊಡಲಿಲ್ಲ. ನಿಲ್ಲುವ ಚೌಕಟ್ಟಿನಿಂದ ಎಷ್ಟು ಲಾಭವೆಂಬುದರಲ್ಲಿ ತಜ್ಞರಲ್ಲೇ ಭಿನ್ನಾಭಿಪ್ರಾಯವಿದೆಯೆಂದರು. ಮಲಗಿಸಿಟ್ಟರೆ ಕೆಡುತ್ತದೆ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ ಎಂದರು. ಮುರಿತ ಮತ್ತೆ ಮತ್ತೆ ಆದರೆ ಎಲುಬಿನ ಸವೆತವನ್ನು ತಡೆಯುವ ಬಿಸ್‌ಫಾಸ್ಫೊನೇಟ್ ಎಂಬ ಔಷಧವಿದೆ, ಅದನ್ನು ತಜ್ಞರು ಮಾತ್ರ ನಿರ್ಧರಿಸಿ ಕೊಡಬೇಕು, ಸದ್ಯಕ್ಕೆ ಬೇಡ ಎಂದರು.

ಊಟದ ಮಾತೂ ಬಂತು. ಇಲ್ಲಿ ನನ್ನ ಮೇಷ್ಟರ ಲೆಕ್ಕಾಚಾರಕ್ಕೆ ಸ್ವಲ್ಪ ಅವಕಾಶ ಸಿಕ್ಕಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ 10ರಿಂದ 12 ವರ್ಷದ ಮಗುವಿಗೆ ದಿನಕ್ಕೆ 850 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, 13ರಿಂದ 15ರವರಿಗೆ 1000. ನಮ್ಮ ರಾಗಿಯ 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ. 200 ಮಿಲಿಲೀಟರಿನ ಎರಡು ಲೋಟ ಹಸುವಿನ ಹಾಲಿನಲ್ಲಿ ಸುಮಾರು 480. ಒಂದು ಮುದ್ದೆ, ಎರಡು ಲೋಟ ಹಾಲು, ಮೇಲೊಂದು ಬಟ್ಟಲು ಮೊಸರು ಅಥವಾ ಸೊಪ್ಪು ಇದ್ದರೆ ಲೆಕ್ಕ ಹತ್ತಿರ ಹತ್ತಿರ ಸರಿಹೋಗುತ್ತದೆ. ಪುಟ್ಟಿಗೆ ಮುದ್ದೆಯೆಂದರೆ ಮುಖ ಸಿಂಡರಿಸುವ ಅಭ್ಯಾಸ. ಅಜ್ಜಿ ರಾಗಿ ದೋಸೆ, ರಾಗಿ ಮಾಲ್ಟ್ ಮಾಡಿಕೊಡುವುದಾಗಿ ಅಲ್ಲಿಯೇ ಒಪ್ಪಿಕೊಂಡರು. ಕುಳಿತಲ್ಲೇ ಇರುವ ಮಗುವಾದ್ದರಿಂದ ಬೆಲ್ಲ, ಎಣ್ಣೆಗಳು ಮಿತಿಯಲ್ಲಿರಲಿ, ತೂಕ ಏರಿದರೆ ನಿಲ್ಲುವುದು ಇನ್ನಷ್ಟು ಕಷ್ಟ ಎಂದು ವೈದ್ಯರು ಎಚ್ಚರಿಸಿದರು.

ಹಾಗೆಂದು ಅಂಗಡಿಯಿಂದ ಕ್ಯಾಲ್ಸಿಯಂ ಮಾತ್ರೆಯ ಡಬ್ಬಿ ತಂದು ನುಂಗಿಸುವುದು ಸಲ್ಲದು. ಅಲುಗಾಡದ ಎಲುಬಿನಿಂದ ಕಳಚಿದ ಸುಣ್ಣ ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಮೂತ್ರಕೋಶದ ತೊಂದರೆಯಿರುವ ಈ ಮಕ್ಕಳಲ್ಲಿ ಕಲ್ಲು ಕಟ್ಟುವ ಭಯವಿದೆ. ರಕ್ತ, ಮೂತ್ರ ಪರೀಕ್ಷೆ ಮಾಡಿಸಿ ವೈದ್ಯರು ಹೇಳಿದಷ್ಟನ್ನೇ ಕೊಡಬೇಕು. ಮೂರ್ಛೆಯ ಔಷಧಗಳಲ್ಲಿ ಫೆನಿಟಾಯಿನ್, ಫಿನೋಬಾರ್ಬಿಟೋನ್‌ನಂಥ ಹಳೆಯವು ದೇಹದಲ್ಲಿನ ವಿಟಮಿನ್ ಡಿಯನ್ನು ಬೇಗ ಕರಗಿಸುತ್ತವೆ. ಅಂಥ ಔಷಧ ಸೇವಿಸುವ ಮಗುವಿಗೆ ಇನ್ನಷ್ಟು ನಿಗಾ ಬೇಕು. ಪುಟ್ಟಿಗೆ ಮೂರ್ಛೆ ಇರಲಿಲ್ಲ, ಆದರೆ ವಿಟಮಿನ್ ಡಿ ಬಹಳ ಕಡಿಮೆಯಿತ್ತು. ಇಷ್ಟು ಬಿಸಿಲಿರುವ ನಾಡಿನಲ್ಲಿ ಹೀಗೇಕೆಂದು ಅಜ್ಜಿ ಬೆರಗಾದರು. ಮಗು ನೆರಳಿನಲ್ಲೇ ಇದ್ದರೆ ಬಿಸಿಲು ತಾನಾಗಿ ಒಳಗೆ ಬಾರದಷ್ಟೆ. ವೈದ್ಯರು ಔಷಧ ಬರೆದುಕೊಟ್ಟರು, ದಿನವೂ ಸ್ವಲ್ಪ ಹೊತ್ತು ಹೊರಗೆ ಕೂರಿಸಲು ಹೇಳಿದರು. ಕಾದ ಜಗುಲಿಯ ಮೇಲೆ ಬರಿಗಾಲು ಇಡಬಾರದು, ಸುಟ್ಟರೂ ಅವಳಿಗೆ ತಿಳಿಯುವುದಿಲ್ಲವೆಂಬ ಎಚ್ಚರಿಕೆಯನ್ನೂ ಕೊಟ್ಟರು.

ಮರಳಿ ಬರುವಾಗ ಕಾರಿನಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಶಾಲೆಯ ವಿಷಯ ಇನ್ನೂ ಇತ್ಯರ್ಥವಾಗಿರಲಿಲ್ಲ. ದಾರಿಯಲ್ಲಿ ಪುಟ್ಟಿಯೇ ಬಾಯಿಬಿಟ್ಟಳು: "ಕಾಲು ಮುರಿದದ್ದು ನನಗೆ ಗೊತ್ತೇ ಆಗಲಿಲ್ಲ ತಾತ. ಶಾಲೆ ಬಿಟ್ಟದ್ದು ಮಾತ್ರ ಗೊತ್ತಾಗ್ತಿದೆ." ಅವಳ ತಂದೆ ಕನ್ನಡಿಯಲ್ಲಿ ಮಗಳ ಮುಖ ನೋಡಿದರು, ಏನೂ ಹೇಳಲಿಲ್ಲ. ಮರುವಾರ ನನ್ನೊಡನೆ ಶಾಲೆಗೆ ಬಂದವರು ಅವರೇ.

ಮುಖ್ಯೋಪಾಧ್ಯಾಯರೊಡನೆ ಜಗಳಕ್ಕೆ ಹೋಗಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಇಂಥ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿಯೇ ಉಚಿತವಾಗಿ ಓದುವ ಹಕ್ಕು ಕೊಟ್ಟಿದೆ ಎಂಬುದನ್ನು ನೆನಪಿಸಿದೆವು. ಅಧ್ಯಾಪಕನಾಗಿದ್ದವನಿಗೆ ಅಧ್ಯಾಪಕರ ಭಯ ಗೊತ್ತು. ಅದು ಕಾಯ್ದೆಯ ಮಾತಿನಿಂದ ಹೋಗುವುದಿಲ್ಲ, ಏನು ಮಾಡಬೇಕೆಂದು ತಿಳಿದರೆ ಹೋಗುತ್ತದೆ. ಆದ್ದರಿಂದ ವೈದ್ಯರು ಹೇಳಿದ್ದನ್ನು ಒಂದೇ ಪುಟದಲ್ಲಿ ಬರೆದು ಸಿಬ್ಬಂದಿ ಕೊಠಡಿಯಲ್ಲಿ ಅಂಟಿಸಲು ಕೊಟ್ಟೆವು. ಅದರಲ್ಲಿ ಇದ್ದದ್ದು ಇಷ್ಟೆ. ಪುಟ್ಟಿಯನ್ನು ಗೆಳತಿಯರು ಎತ್ತಬಾರದು, ಕಲಿತ ಇಬ್ಬರು ದೊಡ್ಡವರು ಮಾತ್ರ ಎತ್ತಬೇಕು. ಎತ್ತುವಾಗ ತೊಡೆಯ ಕೆಳಗೂ ಬೆನ್ನಿಗೂ ಕೈಕೊಡಬೇಕು. ಪಾದ ಹಿಡಿದು ಎಳೆಯಬಾರದು, ಕಾಲು ತಿರುಚಬಾರದು. ಗಾಲಿಕುರ್ಚಿಯ ಪಟ್ಟಿ ಕಟ್ಟಿರಬೇಕು, ಪಾದಗಳು ಪಾದಹಲಗೆಯ ಮೇಲಿರಬೇಕು. ಕಾಲು ಊದಿದರೆ, ಬಿಸಿಯಾದರೆ, ಬಣ್ಣ ಬದಲಾದರೆ, ನೋವಿಲ್ಲವೆಂದು ಸುಮ್ಮನಿರದೆ ಮನೆಗೆ ಕರೆ ಮಾಡಬೇಕು. ಆಟದ ಅವಧಿಯಲ್ಲಿ ತರಗತಿಯಲ್ಲಿ ಕೂರಿಸಿ ಹೋಗಬಾರದು, ಚೆಂಡು ಎಸೆಯುವ ಆಟದಲ್ಲಾದರೂ ಸೇರಿಸಿಕೊಳ್ಳಬೇಕು. ಕೈ, ಭುಜಗಳ ಎಲುಬಿಗೂ ದುಡಿಮೆ ಬೇಕಲ್ಲವೇ! ದೈಹಿಕ ಶಿಕ್ಷಕರು ಆ ಪುಟವನ್ನು ಎರಡು ಬಾರಿ ಓದಿ, "ಇಷ್ಟೇನಾ ಸಾರ್? ಇದು ನಮ್ಮ ಕೈಲಾಗುತ್ತೆ" ಎಂದರು.

ಪುಟ್ಟಿ 2023ರ ಆಗಸ್ಟ್‌ನಲ್ಲಿ ಶಾಲೆಗೆ ಮರಳಿದಳು. ಎಲ್ಲವೂ ಸುಸೂತ್ರವಾಯಿತೆಂದು ಹೇಳಲಾರೆ. 2024ರ ಚಳಿಗಾಲದಲ್ಲಿ ಇನ್ನೊಂದು ಕಾಲಿನ ಮೊಣಕಾಲಿನ ಕೆಳಗೆ ಸಣ್ಣ ಬಿರುಕೊಂದು ಕಾಣಿಸಿಕೊಂಡಿತು. ಆ ಬಾರಿ ಅಜ್ಜಿಯೇ ಸಂಜೆ ಕಾಲು ತೊಳೆಯುವಾಗ ಬಿಸಿಯನ್ನು ಗುರುತಿಸಿ, "ಮೊದಲು ಎಕ್ಸ್-ರೇ ತೆಗೆಸಿ, ಮಾತ್ರೆ ಆಮೇಲೆ" ಎಂದರಂತೆ. ಮೂರು ವಾರದ ಮೃದು ಪಟ್ಟಿ ಕಟ್ಟಿದರು. ಆ ಮೂರು ವಾರವೂ ಅವಳು ಗಾಲಿಕುರ್ಚಿಯಲ್ಲಿ ಕಾಲು ಚಾಚಿಕೊಂಡು ಶಾಲೆಗೆ ಹೋಗಿಬಂದಳು. ಬೆಳಗ್ಗೆ ಕ್ಯಾಲಿಪರ್ ಕಟ್ಟಿಕೊಂಡು ಅಡುಗೆಮನೆಯ ಕಟ್ಟೆ ಹಿಡಿದು ಅರ್ಧ ಗಂಟೆ ನಿಲ್ಲುವ ಪರಿಪಾಠ ಈಗಲೂ ನಡೆದಿದೆ. ಆ ಹೊತ್ತಿನಲ್ಲಿ ಅಜ್ಜಿಗೆ ಸೊಪ್ಪು ಬಿಡಿಸಿಕೊಡುವುದು ಅವಳ ಕೆಲಸ.

ಇಷ್ಟು ಓದಿದ ಮೇಲೆ, ನಿಮ್ಮಲ್ಲಿ ಹೊಸದಾಗಿ ಮದುವೆಯಾದವರಿಗೂ, ಮಕ್ಕಳ ಮದುವೆ ಮಾಡುತ್ತಿರುವವರಿಗೂ ಒಂದು ಮಾತು. ಈ ಸೀಳು ಉಂಟಾಗುವುದು ಮೊದಲ 28 ದಿನಗಳಲ್ಲಿ, ಅಂದರೆ ಬಹಳಷ್ಟು ಹೆಣ್ಣುಮಕ್ಕಳಿಗೆ ತಾವು ಗರ್ಭಿಣಿಯರೆಂದು ಖಚಿತವಾಗುವ ಮೊದಲೇ. ಆದ್ದರಿಂದ ಫೋಲಿಕ್ ಆಮ್ಲವನ್ನು ಗರ್ಭ ನಿಂತ ಮೇಲಲ್ಲ, ಅದಕ್ಕೂ ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂನಂತೆ ಸೇವಿಸಬೇಕು. ಮೊದಲು ಇಂಥ ಮಗು ಹುಟ್ಟಿದ್ದ ತಾಯಂದಿರಲ್ಲಿ, ವೈದ್ಯರ ನಿಗಾದಲ್ಲಿ ಕೊಡುವ 4 ಮಿಲಿಗ್ರಾಂ ಪ್ರಮಾಣವು ಮರುಕಳಿಕೆಯನ್ನು ಶೇಕಡಾ 72ರಷ್ಟು ತಗ್ಗಿಸುತ್ತದೆಂದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ತೋರಿಸಿತು. ಹಿಟ್ಟು ಮೊದಲಾದ ಆಹಾರಗಳಲ್ಲಿಯೇ ಫೋಲಿಕ್ ಆಮ್ಲ ಸೇರಿಸಿ ಈ ತೊಂದರೆಯನ್ನು ತಡೆಯಬೇಕೆಂದು ವಿಶ್ವ ಆರೋಗ್ಯ ಸಭೆ 2023ರ ಮೇ ತಿಂಗಳಲ್ಲಿ ನಿರ್ಣಯ ಕೈಗೊಂಡಿದೆ. ಇದರಿಂದ ಎಲ್ಲವೂ ತಪ್ಪುತ್ತದೆಂದಲ್ಲ. ಎಲ್ಲ ಎಚ್ಚರಿಕೆಯ ನಡುವೆಯೂ ಇಂಥ ಮಗು ಹುಟ್ಟಬಹುದು. ಆಗ ಗ್ರಹಣವನ್ನೋ ತಾಯಿಯನ್ನೋ ದೂಷಿಸಿ ಫಲವಿಲ್ಲ.

ನಿಮ್ಮ ಬಂಧುಬಳಗದಲ್ಲಿಯೋ ನೀವು ಪಾಠ ಹೇಳುವ ಶಾಲೆಯಲ್ಲಿಯೋ ಇಂಥ ಮಗುವಿದ್ದರೆ, ದಿನಕ್ಕೊಮ್ಮೆ ಅದರ ಎರಡು ಕಾಲುಗಳನ್ನೂ ಬೆಳಕಿನಲ್ಲಿ ನೋಡಿರಿ, ಅಂಗೈಯಿಂದ ಮುಟ್ಟಿ ಬಿಸಿಯಿದೆಯೇ ಎಂದು ಹೋಲಿಸಿರಿ. ಸುಣ್ಣ, ಸೂರ್ಯ ಎರಡನ್ನೂ ಕೊಡಿರಿ. ಶಸ್ತ್ರಚಿಕಿತ್ಸೆಯ ಮಾತು ಬಂದಾಗ, ಪ್ಲಾಸ್ಟರ್ ಎಷ್ಟು ದಿನ, ಎಂದಿನಿಂದ ನಿಲ್ಲಿಸಬಹುದು ಎಂದು ವೈದ್ಯರನ್ನು ಮುಂಚಿತವಾಗಿಯೇ ಕೇಳಿರಿ. ಎಲ್ಲಕ್ಕಿಂತ ಮಿಗಿಲಾಗಿ, ಮುರಿಯುತ್ತದೆಂಬ ಭಯದಿಂದ ಮಗುವನ್ನು ಮಂಚಕ್ಕೆ ಕಟ್ಟಿಹಾಕಬೇಡಿರಿ.

ಪುಟ್ಟಿ ಇದೀಗ ಪ್ರೌಢಶಾಲೆಯಲ್ಲಿದ್ದಾಳೆ. ಹೋದ ವಾರ ದೂರವಾಣಿಯಲ್ಲಿ ಸಿಕ್ಕಿದವಳು, ಗಣಿತ ಕಠಿಣವಾಗುತ್ತಿದೆ, ರಜೆಯಲ್ಲಿ ಬಂದು ಹೇಳಿಕೊಡಬೇಕು ಎಂದು ಆಜ್ಞೆ ಮಾಡಿದಳು. ಹೋಗಬೇಕು.